ಚಂದ್ರವಳ್ಳಿಯ ಶಾಸನವೂ ಮಳೆಯ ಲೆಕ್ಕವೂ: ಆಕರನಿರ್ದೇಶವನ್ನು ಕುರಿತ ಒಂದು ವಿಚಾರ

ಚಿತ್ರದುರ್ಗದ ಕೋಟೆಯ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಗುಡ್ಡಗಳ ನಡುವಣ ಕಣಿವೆಯೇ ಚಂದ್ರವಳ್ಳಿ. ಅಲ್ಲಿಯ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿರುವುದನ್ನೂ, ಅದು ಒಂದು ತಟಾಕದ ನಿರ್ಮಾಣವನ್ನು ಹೇಳುವುದನ್ನೂ ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕೆಲವೇ ಸಾಲುಗಳ ಈ ಶಾಸನವನ್ನು ಡಾ. ಎಂ. ಎಚ್. ಕೃಷ್ಣರವರು ಓದಿ, ಮೈಸೂರು ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ೧೯೨೯ನೆಯ ವರ್ಷದ ವರದಿಯಲ್ಲಿ ಪ್ರಕಟಿಸಿದರು. ಅವರ ಪಾಠದಂತೆ, ಕೆರೆಯನ್ನು ಕಟ್ಟಿಸಿದ ಮಯೂರಶರ್ಮನು ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ ಎಂಬ ಎಂಟು ಕಡೆಯವರನ್ನು ಗೆದ್ದವನು. ಬಂಡೆಯ ಅಕ್ಷರಗಳು ಸವೆದಿವೆ. ಈ ಹೆಸರುಗಳ ಪಾಠವನ್ನು ಅನಂತರದ ವಿದ್ವಾಂಸರು ಸಂಶಯಿಸಿದ್ದಾರೆ. ಬನವಾಸಿಯ ಅರಸನ ದಂಡು ಉತ್ತರದ ಮೌಖರಿಗಳವರೆಗೆ ಹೋಗಿದ್ದೀತೇ ಎಂಬ ಪ್ರಶ್ನೆ ಯಾರಿಗಾದರೂ ಸಹಜವಾಗಿಯೇ ಹುಟ್ಟುತ್ತದೆ.

ಆ ಎಂಟು ಹೆಸರುಗಳ ಯಾಥಾರ್ಥ್ಯವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅವುಗಳನ್ನು ನಮ್ಮ ಪಠ್ಯಪುಸ್ತಕಗಳು ಹೇಗೆ ಎತ್ತಿಕೊಂಡುವೆಂಬುದಷ್ಟನ್ನೇ ಗಮನಿಸಬೇಕು. ‘ಚಂದ್ರವಳ್ಳಿಯ ಶಾಸನವು ಹೇಳುತ್ತದೆ’ ಎಂದು ಬರೆದವರು ಬಹುಮಂದಿ. ‘ಕೃಷ್ಣರವರ ೧೯೨೯ರ ಪಾಠವು ಹೇಳುತ್ತದೆ’ ಎಂದು ಬರೆದವರು ವಿರಳ. ಎರಡು ವಾಕ್ಯಗಳಿಗೂ ಭೇದವೇನೆಂದು ಕೇಳುವವರುಂಟು. ಮೊದಲನೆಯದು ಕಲ್ಲಿನ ಮೇಲೆ ಭಾರ ಹೊರಿಸುತ್ತದೆ. ಎರಡನೆಯದು ಕಲ್ಲನ್ನು ಓದಿದ ಕಣ್ಣಿನ ಮೇಲೆ. ಕೃಷ್ಣರವರಂಥ ಶ್ರದ್ಧಾವಂತರಾದ ವಿದ್ವಾಂಸರಿಗೆ ಇದರಿಂದ ಅಗೌರವವೇನೂ ಇಲ್ಲ. ಅವರು ತಮ್ಮ ಪಾಠವನ್ನು ಪಾಠವೆಂದೇ ಕೊಟ್ಟರು. ಅದನ್ನು ಶಿಲೆಯ ಮಾತಾಗಿ ಮಾಡಿದವರು ಉಲ್ಲೇಖಿಸಿದ ನಾವು.

ಈ ಹಳೆಯ ಮಾತನ್ನು ಈಗ ಎತ್ತುವುದಕ್ಕೆ ಹೊಸ ಕಾರಣವೊಂದು ಒದಗಿದೆ. ಕಳೆದ ವರ್ಷ ಒಂದು ಸಂಶೋಧನ ಪ್ರಬಂಧವು ನಮ್ಮ ಅವಲೋಕನಕ್ಕೆ ಬಂದಿತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಗಳ ಕೆರೆಶಾಸನಗಳನ್ನೂ ಕೆರೆಗೆ ಬಲಿಯಾದವರ ಜನಪದಗೀತಗಳನ್ನೂ ಒಟ್ಟಿಗಿಟ್ಟು, ಬರಗಾಲಕ್ಕೂ ಹಾಡಿಗೂ ಇರುವ ಸಂಬಂಧವನ್ನು ಶೋಧಿಸುವ ಮೆಚ್ಚತಕ್ಕ ಪ್ರಯತ್ನವದು. ಅದರ ಮೂರನೆಯ ಅಧ್ಯಾಯದಲ್ಲಿ ಒಂದು ನೂರು ವರ್ಷಗಳ ಮಳೆಯ ಪಟ್ಟಿಯಿತ್ತು. ಪಟ್ಟಿಯ ಕೆಳಗೆ ‘ಆಧಾರ: ಅಂತರಜಾಲ, ಹವಾಮಾನದ ಅಂಕಿಅಂಶಗಳು’ ಎಂದಿಷ್ಟೇ ಇತ್ತು. ಎಲ್ಲಿಂದ ತೆಗೆದುದೆಂದು ಕೇಳಿದೆವು. ಆ ತರುಣ ವಿದ್ವಾಂಸರು ಪ್ರಾಮಾಣಿಕರು. ನಮ್ಮೆದುರಿಗೇ ಆ ಪುಟವನ್ನು ಮತ್ತೆ ತೆರೆದರು. ಪುಟವಿತ್ತು, ಪಟ್ಟಿಯೂ ಇತ್ತು; ಅಂಕಗಳು ಮಾತ್ರ ಪ್ರಬಂಧದಲ್ಲಿದ್ದಂತೆ ಇರಲಿಲ್ಲ. ಹಿಂದಿನ ಕಡತವನ್ನು ತೆಗೆದು ತಿದ್ದಿದ ಕಡತವನ್ನು ಅಲ್ಲಿಟ್ಟಿದ್ದರೆಂದು ಬಹಳ ಹೊತ್ತಿನ ಮೇಲೆ ತಿಳಿಯಿತು. ತಾವು ಯಾವ ದಿನ, ಯಾವ ಆವೃತ್ತಿಯನ್ನು ಇಳಿಸಿಕೊಂಡಿರೆಂಬುದನ್ನು ಅವರು ಬರೆದಿಟ್ಟಿರಲಿಲ್ಲ. ಎರಡು ವರ್ಷದ ದುಡಿಮೆಯ ಆ ಅಧ್ಯಾಯವನ್ನು ಕಡೆಗೆ ಪ್ರಬಂಧದಿಂದ ತೆಗೆದುಬಿಡಬೇಕಾಯಿತು. ಸಾಹಿತ್ಯದ ಅಧ್ಯಾಪಕರಿಗೆ ಮಳೆಯ ಲೆಕ್ಕದ ಗೊಡವೆಯೇಕೆಂದು ಕೇಳುವವರಿಗೆ ಇದೇ ಉತ್ತರ.

ಪರಿಸರಕ್ಕೆ ಸಂಬಂಧಿಸಿದ ದತ್ತಾಂಶಗಳನ್ನು, ಎಂದರೆ ಮಳೆ, ಉಷ್ಣತೆ, ನದಿಯ ಹರಿವು, ಕೆಸರಿನ ಪದರಗಳಲ್ಲಿಯ ಪರಾಗ ಮೊದಲಾದವುಗಳ ಅಳತೆಗಳನ್ನು, ಕ್ರಮವಾಗಿ ಕೂಡಿಟ್ಟು ಹುಡುಕಲು ಅನುಕೂಲಿಸುವ ಸೂಚಿಗಳು ಇಂದು ಹಲವಿವೆ. ಜರ್ಮನಿಯಲ್ಲಿ ಆಲ್‌ಫ್ರೆಡ್ ವೆಗೆನರ್ ಸಂಸ್ಥೆಯೂ ಬ್ರೆಮೆನ್ ವಿಶ್ವವಿದ್ಯಾನಿಲಯದ ಸಾಗರವಿಜ್ಞಾನ ಕೇಂದ್ರವೂ ಕೂಡಿ ನಡೆಸುವ ಪಂಗೇಯ ಎಂಬುದು ಅವುಗಳಲ್ಲಿ ಒಂದು. ಅಮೆರಿಕದ ನೋವಾ ಸಂಸ್ಥೆಯ ಭಂಡಾರ ಇನ್ನೊಂದು. ನಮ್ಮ ದೇಶದ ಸರ್ಕಾರವು ೨೦೧೨ರಲ್ಲಿ ತನ್ನ ಮುಕ್ತ ದತ್ತಾಂಶದ ತಾಣವನ್ನು ತೆರೆಯಿತು. ೨೦೧೭ರಲ್ಲಿ ಹೊರಡಿಸಿದ ಪರವಾನಗಿಯ ನಿಯಮದಂತೆ, ಸರ್ಕಾರದ ಆ ದತ್ತಾಂಶವನ್ನು ಬಳಸುವವರು ಒದಗಿಸಿದವರನ್ನೂ ಮೂಲವನ್ನೂ ಪರವಾನಗಿಯನ್ನೂ ಹೆಸರಿಸಿ, ಅದರ ಸ್ಥಿರಾಂಕವನ್ನೋ ವಿಳಾಸವನ್ನೋ ಪ್ರಕಟವಾಗಿ ಕೊಡತಕ್ಕದ್ದು. ಆದಕಾರಣ ‘ಆಧಾರ: ಅಂತರಜಾಲ’ ಎಂಬುದು ಶಾಸ್ತ್ರದೃಷ್ಟಿಯಿಂದ ದೋಷವಾಗಿರುವುದಲ್ಲದೆ ಆ ನಿಯಮಕ್ಕೂ ವಿರುದ್ಧವಾದುದು.

ಮೊದಲು ಹುಡುಕುವ ವಿಚಾರ. ಸೂಚಿಯನ್ನು ಹುಡುಕುವುದೆಂದರೆ ಕೋಶವನ್ನು ತೆರೆದಂತೆ. ಅಮರಕೋಶವನ್ನು ಕಂಠಪಾಠ ಮಾಡಿದವನಿಗೆ ‘ತಟಾಕ’ವನ್ನು ವಾರಿವರ್ಗದಲ್ಲಿಯೂ ‘ವೃಷ್ಟಿ’ಯನ್ನು ದಿಗ್ವರ್ಗದಲ್ಲಿಯೂ ಹುಡುಕಬೇಕೆಂದು ಗೊತ್ತಿರುತ್ತದೆ, ವರ್ಗವನ್ನರಿಯದೆ ಪದವನ್ನರಸುವವನು ಗ್ರಂಥವನ್ನೆಲ್ಲ ತಿರುವಿಹಾಕುತ್ತಾನೆ. ಈ ಸೂಚಿಗಳಲ್ಲಿಯೂ ಹಾಗೆಯೇ ವರ್ಗಗಳುಂಟು, ನಿಯತವಾದ ಪರಿಭಾಷೆಯುಂಟು. ನಾವು ‘ರೇನ್‌ಫಾಲ್’ ಎಂದು ಬರೆದು ಹುಡುಕಿದರೆ ಸಿಕ್ಕದಿರುವುದು ಎಷ್ಟೋ ವೇಳೆ ‘ಪ್ರೆಸಿಪಿಟೇಷನ್’ ಎಂಬ ವರ್ಗದಲ್ಲಿ ಅಡಗಿರುತ್ತದೆ. ಇವೆರಡೂ ಪರ್ಯಾಯಪದಗಳಲ್ಲ. ಎರಡನೆಯದರಲ್ಲಿ ಹಿಮವೂ ಆಲಿಕಲ್ಲೂ ಸೇರಿವೆ. ವ್ಯಾಪ್ಯವನ್ನು ಹುಡುಕಿ ಕಾಣದೆ, ವ್ಯಾಪಕವೇ ಇಲ್ಲವೆಂದು ನಿಶ್ಚಯಿಸುವುದು ತರ್ಕದ ಮೊದಲ ಪಾಠವನ್ನೇ ಮರೆತಂತೆ.

ಊರಿನ ಹೆಸರಿನಿಂದ ಹುಡುಕುವುದರಲ್ಲಿ ಇದಕ್ಕಿಂತಲೂ ದೊಡ್ಡ ತೊಡಕುಂಟು. ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದ ಮುಖಪುಟದಲ್ಲಿ ನಮ್ಮ ಜಿಲ್ಲೆ ‘ಚಿತಲ್‌ದ್ರೂಗ್’. ೧೯೪೭ರಲ್ಲಿ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದ ವೀಲರ್ ಮಹಾಶಯರ ವರದಿಯಲ್ಲಿ ‘ಚಿತಲ್‌ದ್ರುಗ್’. ಈಗ ‘ಚಿತ್ರದುರ್ಗ’. ಯಂತ್ರಕ್ಕೆ ಇವು ಮೂರು ಬೇರೆಬೇರೆ ಊರುಗಳು. ಬೆಂಗಳೂರಿನ ಇಂಗ್ಲಿಷ್ ಹೆಸರಿನ ಕಾಗುಣಿತವು ೨೦೧೪ರಲ್ಲಿ ಬದಲಾಯಿತು. ಆದರೆ ಅಲ್ಲಿಯ ಹವಾಮಾನ ಕೇಂದ್ರಕ್ಕೆ ಅಂತರರಾಷ್ಟ್ರೀಯ ಕ್ರಮದಲ್ಲಿ ಕೊಟ್ಟ ೪೩೨೯೫ ಎಂಬ ಅಂಕ ಬದಲಾಗಲಿಲ್ಲ. ಆದಕಾರಣ ಹೆಸರಿನಿಂದ ಹುಡುಕುವುದಕ್ಕಿಂತ ಅಕ್ಷಾಂಶ ರೇಖಾಂಶಗಳಿಂದ, ಇಲ್ಲವೆ ಕೇಂದ್ರದ ಅಂಕದಿಂದ ಹುಡುಕುವುದು ಮೇಲು. ಪಂಗೇಯ ಮೊದಲಾದ ಸೂಚಿಗಳಲ್ಲಿ ಭೂಪಟದ ಮೇಲೆ ಒಂದು ಚೌಕವನ್ನೆಳೆದು ಅದರೊಳಗಿನ ದತ್ತಾಂಶವನ್ನಷ್ಟೇ ಕೇಳಬಹುದು. ಹೆಸರು ವಿವಾದಕ್ಕೆ ಎಡೆಗೊಡುತ್ತದೆ, ಚೌಕ ಕೊಡುವುದಿಲ್ಲ.

ಹೆಸರು ಒಂದೇ ಆಗಿದ್ದು ವಸ್ತು ಬದಲಾಗಿರುವ ಸಂದರ್ಭವಂತೂ ಇನ್ನೂ ಅಪಾಯಕರ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಹುಟ್ಟಿದಾಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಿಂದ ಬೇರ್ಪಟ್ಟುವು. ಆ ಮೊದಲು ತುಂಗಭದ್ರೆಯ ತೀರದ ಹರಿಹರವೂ ಬಯಲುಸೀಮೆಯ ಚಳ್ಳಕೆರೆಯೂ ಒಂದೇ ಜಿಲ್ಲೆಯ ಸರಾಸರಿಯೊಳಗೆ ಸೇರುತ್ತಿದ್ದುವು. ಹೀಗಿರಲಾಗಿ ‘ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಮಳೆ’ ಎಂಬ ತಲೆಬರಹದ ಕೆಳಗೆ ೧೯೯೦ರ ಅಂಕವನ್ನೂ ೨೦೧೦ರ ಅಂಕವನ್ನೂ ಪಕ್ಕಪಕ್ಕದಲ್ಲಿಟ್ಟು, ಮಳೆ ಹೆಚ್ಚಿತೆಂದೋ ತಗ್ಗಿತೆಂದೋ ಹೇಳಿದರೆ, ಎರಡು ಬೇರೆ ಗ್ರಂಥಗಳ ಶ್ಲೋಕಗಳನ್ನು ಒಂದೇ ಗ್ರಂಥದವೆಂದು ಅನ್ವಯಿಸಿದ ಹಾಗಾಗುವುದು. ಶಾಸನವಿದ್ಯಾರ್ಥಿಗಳಿಗೆ ಈ ತೊಡಕು ಹೊಸದಲ್ಲ: ಹರಿಹರದ ಶಾಸನಗಳನ್ನು ಇಂದಿಗೂ ರೈಸರ ಚಿತ್ರದುರ್ಗದ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಸಂಕೇತದಡಿಯಲ್ಲಿ ಹುಡುಕಬೇಕಾಗಿದೆ.

ಅಂಕವು ಸಿಕ್ಕಿತೆನ್ನೋಣ. ಅಂಕದೊಡನೆ ಅಳತೆಯ ವಿವರವೂ ಬಾರದಿದ್ದರೆ ಅದರಿಂದ ಪ್ರಯೋಜನವಿಲ್ಲ. ಇದನ್ನು ತೋರಿಸುವುದಕ್ಕೆ ಪಾಶ್ಚಾತ್ಯ ದೃಷ್ಟಾಂತ ಬೇಕಾಗಿಲ್ಲ. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕು. ಅದರ ಎರಡನೆಯ ಅಧಿಕರಣದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ದೇಶಭೇದದಿಂದ ಮಳೆಯ ಪ್ರಮಾಣವನ್ನು ಹೇಳಿದೆ: ಜಾಂಗಲ ದೇಶಕ್ಕೆ ೧೬ ದ್ರೋಣ, ಅನೂಪಕ್ಕೆ ಅದರ ಒಂದೂವರೆಯಷ್ಟು, ಅಶ್ಮಕಕ್ಕೆ ೧೩½, ಅವಂತಿಗೆ ೨೩, ಅಪರಾಂತಕ್ಕೂ ಹಿಮದ ನಾಡಿಗೂ ಮಿತಿಯೇ ಇಲ್ಲ. ಪ್ರಾಚೀನ ಭಾರತದಲ್ಲಿ ಮಳೆಯನ್ನು ಅಳೆಯುತ್ತಿದ್ದರೆಂಬುದಕ್ಕೆ ಈ ವಾಕ್ಯವನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ದ್ರೋಣವು ಧಾನ್ಯದ ಅಳತೆ. ಮಳೆಗೆ ಅದು ಹೇಗೆ ಅನ್ವಯಿಸಿತು? ಉತ್ತರವು ಅದೇ ಅಧಿಕರಣದ ಐದನೆಯ ಅಧ್ಯಾಯದಲ್ಲಿದೆ. ಉಗ್ರಾಣದಲ್ಲಿ ಒಂದು ಅರತ್ನಿ ಬಾಯುಳ್ಳ ಕುಂಡವನ್ನು ಮಳೆಯ ಮಾನಕ್ಕಾಗಿ ಇಡಿಸಬೇಕೆಂದು ಅಲ್ಲಿ ವಿಧಿಸಿದೆ. ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದರೆ ದ್ರೋಣವೂ ಒಂದಲ್ಲ, ನಾಲ್ಕು: ಅರಸನ ಆದಾಯಕ್ಕೆ ೨೦೦ ಪಲ, ವ್ಯವಹಾರಕ್ಕೆ ೧೮೭½, ಭೃತ್ಯರಿಗೆ ಕೊಡುವುದಕ್ಕೆ ೧೭೫, ಅಂತಃಪುರಕ್ಕೆ ೧೬೨½. ಮಳೆಯ ದ್ರೋಣ ಈ ನಾಲ್ಕರಲ್ಲಿ ಯಾವುದು? ಗ್ರಂಥವು ಬಾಯಿಬಿಟ್ಟು ಹೇಳಿಲ್ಲ. ಐವತ್ತು ಪಲಗಳಿಗೆ ಒಂದು ಆಢಕವೆಂದು ಬೃಹತ್ಸಂಹಿತೆಯಲ್ಲಿ ವರಾಹಮಿಹಿರನು ಮಳೆಯ ವಿಷಯದಲ್ಲಿಯೇ ಹೇಳಿರುವುದನ್ನು ಹಿಡಿದು, ಕೌಟಿಲ್ಯನ ದ್ರೋಣವನ್ನು ಅಂಗುಲಕ್ಕಿಳಿಸುವವರುಂಟು. ಅದು ಸಮಂಜಸವಾಗಿರಬಹುದು. ಆದರೆ ಆಗ ಬಂದ ಫಲ ಕೌಟಿಲ್ಯನದೂ ಅಲ್ಲ, ವರಾಹಮಿಹಿರನದೂ ಅಲ್ಲ, ಕೂಡಿಸಿದವರದು. ಹಾಗೆಂದು ಅವರು ಹೇಳಬೇಕು.

ಇಪ್ಪತ್ತನಾಲ್ಕನೆಯ ಅಧ್ಯಾಯವೊಂದನ್ನೇ ಉದಾಹರಿಸುವವರು ಮಾಡುವ ತಪ್ಪನ್ನೇ ಪಟ್ಟಿಯ ಅಂಕವನ್ನು ಮಾತ್ರ ಕಿತ್ತುಕೊಂಡು ಬರುವವರೂ ಮಾಡುತ್ತಾರೆ. ಒಳ್ಳೆಯ ದತ್ತಾಂಶಸೂಚಿಯ ಗುಣವೆಂದರೆ, ಕೌಟಿಲ್ಯನು ಮೂರು ಅಧ್ಯಾಯಗಳಲ್ಲಿ ಹರಡಿದುದನ್ನು ಅದು ಒಂದೇ ಪುಟದಲ್ಲಿ ಕೊಡುತ್ತದೆ. ಯಾವ ಸ್ಥಳ, ಯಾವ ಕಾಲ, ಯಾವ ಮಾನ, ಯಾವ ಉಪಕರಣ, ಅಳೆದವರಾರು ಎಂಬುದೆಲ್ಲ ಅಂಕಗಳ ಮೇಲ್ಗಡೆಯೇ ಇರುತ್ತದೆ. ಪಂಗೇಯದಲ್ಲಿ ಪುಟದ ಮೊದಲಿಗೇ ‘ಹೀಗೆ ಉಲ್ಲೇಖಿಸಿರಿ’ ಎಂಬ ವಾಕ್ಯವನ್ನೂ ಬರೆದಿಟ್ಟಿದ್ದಾರೆ. ನಮ್ಮ ಸಂಪಾದಕರು ಕಾವ್ಯಗಳ ಮುನ್ನುಡಿಯಲ್ಲಿ ಪ್ರತಿಗಳ ವಿವರವನ್ನು ಕೊಡುವ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಮುನ್ನುಡಿಯನ್ನು ಓದದೆ ಕಾವ್ಯಕ್ಕೇ ಹಾರುವ ವಿದ್ಯಾರ್ಥಿಗಳಂತೂ ಎರಡು ಕಡೆಗಳಲ್ಲಿಯೂ ಇದ್ದಾರೆ.

ಈಗ ಮಳೆಯ ಲೆಕ್ಕದಲ್ಲಿ ಕಲ್ಲು ಯಾವುದು, ಪಾಠ ಯಾವುದು ಎಂಬುದನ್ನು ನೋಡೋಣ. ಭಾರತದ ಹವಾಮಾನ ಇಲಾಖೆಯ ವಿಜ್ಞಾನಿಗಳು ದೇಶದ ದೈನಂದಿನ ಮಳೆಯನ್ನು ಅಕ್ಷಾಂಶ ರೇಖಾಂಶಗಳ ಕಾಲು ಡಿಗ್ರಿಯ ಜಾಲದ ಮೇಲೆ ಹರಡಿ, ೧೯೦೧ರಿಂದ ೨೦೧೦ರವರೆಗಿನ ದತ್ತಾಂಶವನ್ನು ಸಿದ್ಧಪಡಿಸಿದರು. ಪೈ ಮೊದಲಾದವರು ಅದನ್ನು ಕುರಿತು ೨೦೧೪ರಲ್ಲಿ ‘ಮೌಸಂ’ ಪತ್ರಿಕೆಯಲ್ಲಿ ಬರೆದರು. ೬೯೫೫ ಮಳೆಮಾಪನ ಕೇಂದ್ರಗಳ ದಾಖಲೆಗಳು ಇದಕ್ಕೆ ಆಧಾರ. ಆದರೆ ಎಲ್ಲ ಕೇಂದ್ರಗಳೂ ಎಲ್ಲ ವರ್ಷಗಳಲ್ಲಿಯೂ ಇದ್ದುವಲ್ಲ. ಜಾಲದ ಒಂದೊಂದು ಬಿಂದುವಿಗೂ ಸುತ್ತಣ ಕೇಂದ್ರಗಳ ಅಳತೆಯನ್ನು ದೂರಕ್ಕನುಗುಣವಾಗಿ ತೂಗಿ ಒಂದು ಅಂಕವನ್ನು ಕಟ್ಟಿದ್ದಾರೆ. ಕಾಲು ಡಿಗ್ರಿಯೆಂದರೆ ನಮ್ಮ ಸೀಮೆಯಲ್ಲಿ ಸುಮಾರು ೨೭ ಕಿಲೋಮೀಟರು. ಚಂದ್ರವಳ್ಳಿಯ ಕಣಿವೆ, ಕೋಟೆ, ಪೇಟೆ, ಸುತ್ತಣ ಹೊಲಗಳೆಲ್ಲವೂ ಅಂಥ ಒಂದು ಚೌಕದೊಳಗೆ ಮುಳುಗಿಹೋಗುತ್ತವೆ. ಹಾಗಿದ್ದರೂ ‘ಚಂದ್ರವಳ್ಳಿಯಲ್ಲಿ ಇಂಥ ವರ್ಷ ಇಷ್ಟು ಮಿಲಿಮೀಟರು ಮಳೆಯಾಯಿತು’ ಎಂದು ಆ ಜಾಲವನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಕಣಿವೆಯಲ್ಲಿ ಯಾರೂ ಕುಂಡವನ್ನಿಟ್ಟಿರಲಿಲ್ಲ. ಆ ಅಂಕವು ಊಹಿತಪಾಠ. ಬಲ್ಲವರು ಬಹಳ ವಿವೇಚನೆಯಿಂದ ಊಹಿಸಿದುದು, ಆದರೂ ಊಹಿತಪಾಠವೇ.

ಶಾಸನಸಂಪಾದಕನು ತ್ರುಟಿತವಾದ ಅಕ್ಷರವನ್ನು ಊಹಿಸಿ ಕೂಡಿಸಿದಾಗ ಅದನ್ನು ಚೌಕ ಕಂಸದಲ್ಲಿಡುತ್ತಾನೆ. ಓದುವವನು ಕಂಸವನ್ನು ಕಂಡು ಎಚ್ಚರಗೊಳ್ಳುತ್ತಾನೆ. ಜಾಲದ ಮೇಲಿನ ಮಳೆಯ ಅಂಕಗಳಿಗೆ ಕಂಸವಿಲ್ಲ. ಕೇಂದ್ರವಿದ್ದ ಚೌಕದ ಅಂಕವೂ, ಒಂದು ಕೇಂದ್ರವೂ ಇಲ್ಲದ ಚೌಕದ ಅಂಕವೂ ಒಂದೇ ಮುಖದಿಂದ ನಮ್ಮನ್ನು ನೋಡುತ್ತವೆ. ಇದು ಸಿದ್ಧಪಡಿಸಿದವರ ದೋಷವಲ್ಲ. ವಿಧಾನವನ್ನೆಲ್ಲ ಅವರು ತಮ್ಮ ಲೇಖನದಲ್ಲಿ ವಿಸ್ತರಿಸಿದ್ದಾರೆ. ಆದಕಾರಣವೇ ‘ಹವಾಮಾನ ಇಲಾಖೆಯ ಅಂಕಿಅಂಶ’ ಎಂಬ ಸಾಮಾನ್ಯನಿರ್ದೇಶ ಸಾಲದು. ಇಲಾಖೆಯ ಕೇಂದ್ರವೊಂದರ ಮಳೆಮಾಪಕದ ದಿನಚರಿಯೂ ಇಲಾಖೆಯದೇ, ಈ ಜಾಲವೂ ಇಲಾಖೆಯದೇ. ಮೊದಲನೆಯದು ಶಿಲೆಗೆ ಹತ್ತಿರ, ಎರಡನೆಯದು ಸಂಪಾದಿತ ಗ್ರಂಥ. ಯಾವುದನ್ನು ನೋಡಿದಿರೆಂದು ಹೇಳದಿದ್ದರೆ, ಅನಂತರ ಯಾರೂ ನಿಮ್ಮ ಮಾತನ್ನು ಪರೀಕ್ಷಿಸಲಾರರು. ಪರೀಕ್ಷಿಸಲಾಗದ ಮಾತು ವಿದ್ವತ್ಪತ್ರಿಕೆಗೆ ಸಲ್ಲತಕ್ಕುದಲ್ಲ.

ಹಿರಿಯೂರಿನ ವಾಣೀವಿಲಾಸ ಸಾಗರದ ವಿಷಯದಲ್ಲಿಯೂ ಒಂದು ಮಾತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ಈ ಜಲಾಶಯವು ೧೯೩೩ರಲ್ಲಿ ತುಂಬಿ, ಮತ್ತೆ ತುಂಬಿದುದು ೨೦೨೨ರಲ್ಲಿ. ಪುನಃ ೨೦೨೫ರ ಜನವರಿಯಲ್ಲಿ. ಎಂಬತ್ತೊಂಬತ್ತು ವರ್ಷಗಳ ಅನಂತರ ಕೋಡಿ ಬಿದ್ದ ಸಂತೋಷದಲ್ಲಿ ಎಷ್ಟೋ ಲೇಖನಗಳು ಹುಟ್ಟಿದುವು. ಅವುಗಳಲ್ಲಿ ಕೆಲವು, ೧೯೩೩ರ ಮಳೆಯೇ ೨೦೨೨ರಲ್ಲಿ ಮರಳಿತೆಂದು ಬರೆದುವು. ಎರಡು ವರ್ಷಗಳಲ್ಲಿಯೂ ನೀರಿನ ಮಟ್ಟ ೧೩೦ ಅಡಿಗಳನ್ನು ಮುಟ್ಟಿತೆಂಬುದು ನಿಜ. ಆದರೆ ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರೂ ಈ ಜಲಾಶಯಕ್ಕೆ ಹರಿದಿದೆ. ೧೯೩೩ರಲ್ಲಿ ವೇದಾವತಿಯ ಕೊಳ್ಳದ ಮಳೆಯೊಂದೇ ಆಧಾರ. ೨೦೨೨ರಲ್ಲಿ ಮಳೆಯು ಹಿರಿದಾಗಿಯೇ ಇತ್ತೆಂಬುದರಲ್ಲಿ ವಿವಾದವಿಲ್ಲ. ಆದರೂ ನೀರಿನ ಮಟ್ಟದ ದತ್ತಾಂಶವನ್ನು ಮಳೆಯ ದತ್ತಾಂಶದ ಸ್ಥಾನದಲ್ಲಿಟ್ಟು ವಾದಿಸುವುದು ಹೇತ್ವಾಭಾಸ. ಪಟ್ಟಿಯ ಹೆಸರನ್ನು ಸರಿಯಾಗಿ ಉಲ್ಲೇಖಿಸಿದ್ದರೆ, ಆ ಹೆಸರೇ ಲೇಖಕರನ್ನು ತಡೆಯುತ್ತಿತ್ತು.

ಇನ್ನು ಅಂಕಗಳ ಸ್ಥಿರತೆಯ ವಿಚಾರ. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ ಸಾಹೇಬರು ೧೮೮೯ರಲ್ಲಿ ಪ್ರಕಟಿಸಿದಾಗ ಅವು ೧೪೪. ಶ್ರೀಮಾನ್ ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದಾಗ ೫೦೦. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿಯಲ್ಲಿ ೫೭೩. ಪ್ರತಿ ಆವೃತ್ತಿಯಲ್ಲಿಯೂ ಕ್ರಮಾಂಕಗಳು ಬದಲಾದುವು. ‘ಶ್ರವಣಬೆಳಗೊಳ, ಸಂಖ್ಯೆ ಇಂತಿಷ್ಟು’ ಎಂದು ಮಾತ್ರ ಬರೆದು ಆವೃತ್ತಿಯನ್ನು ಹೇಳದ ಹಳೆಯ ಲೇಖನಗಳನ್ನು ಓದುವಾಗ, ಮೂರು ಪುಸ್ತಕಗಳನ್ನೂ ತೆರೆದಿಟ್ಟು ತಡಕಾಡಿದ ಅನುಭವ ನಮ್ಮ ಪೀಳಿಗೆಯವರಿಗೆಲ್ಲ ಇದೆ. ಆ ಹಿಂಸೆಯನ್ನು ಅನುಭವಿಸಿದವರಿಗೆ ಡಿ. ಓ. ಐ. ಎಂಬ ಸ್ಥಿರಾಂಕದ ಬೆಲೆಯನ್ನು ವಿವರಿಸಬೇಕಾಗಿಲ್ಲ. ೨೦೦೯ರಲ್ಲಿ ಸ್ಥಾಪಿತವಾದ ಡೇಟಾಸೈಟ್ ಎಂಬ ಒಕ್ಕೂಟವು ದತ್ತಾಂಶಗಳಿಗೆ ಇಂಥ ಅಂಕಗಳನ್ನು ಕೊಡಿಸುತ್ತಿದೆ. ಕಡತವು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೂ, ಅದನ್ನಿಟ್ಟ ಸಂಸ್ಥೆಯು ಹೊಸ ವಿಳಾಸವನ್ನು ತಿಳಿಸುತ್ತಿರುವವರೆಗೆ ಅದೇ ಅಂಕವು ಓದುಗನನ್ನು ಅಲ್ಲಿಗೆ ಕೊಂಡೊಯ್ಯುತ್ತದೆ. ತಿಳಿಸುವುದನ್ನು ಬಿಟ್ಟರೆ ಈ ಅಂಕವೂ ಅನಾಥವೇ. ಸ್ಥಿರತೆಯು ಅಂಕದ ಗುಣವಲ್ಲ, ಕಾಯುವವರ ಗುಣ.

ಡೇಟಾಸೈಟ್ ಹೇಳುವ ಕ್ರಮದಲ್ಲಿ ಕರ್ತೃ, ವರ್ಷ, ಹೆಸರು, ಆವೃತ್ತಿ, ಪ್ರಕಾಶಕ, ದತ್ತಾಂಶದ ಬಗೆ, ಸ್ಥಿರಾಂಕ ಇಷ್ಟೂ ಬರಬೇಕು. ಇದನ್ನು ವಿದೇಶದ ಯಂತ್ರಶಿಷ್ಟಾಚಾರವೆಂದು ಹಳಿಯುವವರು ತಾಳಗುಂದದ ಸ್ತಂಭವನ್ನು ನೋಡಬೇಕು. ಅಲ್ಲಿಯ ಕೆರೆಯನ್ನು ತೋಡಿಸಿದವನು ಕಾಕುಸ್ಥವರ್ಮ. ಶಾಸನವಾದುದು ಶಾಂತಿವರ್ಮನ ಕಾಲದಲ್ಲಿ. ಕಾವ್ಯವನ್ನು ರಚಿಸಿ ಕಲ್ಲಿನ ಮೇಲೆ ಬರೆದವನು ಕುಬ್ಜ. ಮಾಡಿಸಿದವನು, ಪ್ರಕಟಿಸಿದ ಕಾಲ, ಬರೆದವನು, ಮೂವರೂ ಬೇರೆಬೇರೆಯಾಗಿ ಅಲ್ಲಿ ಕಾಣುತ್ತಾರೆ. ಚಂದ್ರವಳ್ಳಿಯ ಪುಟ್ಟ ಶಾಸನದಲ್ಲಿ ಇಂಥ ವಿವರವಿಲ್ಲ. ಆ ಕೊರತೆಯ ಫಲವನ್ನು ಮೇಲೆ ನೋಡಿದೆವು.

ಆದರೆ ಡೇಟಾಸೈಟ್‌ನ ಈ ಕ್ರಮದಲ್ಲಿ ಒಂದು ನ್ಯೂನತೆಯನ್ನು ಕಾಣುತ್ತೇವೆ. ಅದು ಗ್ರಂಥವನ್ನು ನಿರ್ದೇಶಿಸುತ್ತದೆ, ಶ್ಲೋಕವನ್ನು ನಿರ್ದೇಶಿಸುವುದಿಲ್ಲ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಯಾವುದನ್ನಾದರೂ ಅಧ್ಯಾಯ, ಪಾದ, ಸೂತ್ರ ಎಂಬ ಮೂರು ಅಂಕಗಳಿಂದ ತೋರಿಸಿಬಿಡಬಹುದು. ಕೋಟ್ಯಂತರ ಅಂಕಗಳಿರುವ ಮಳೆಯ ದತ್ತಾಂಶಕ್ಕೆ ಒಂದೇ ಸ್ಥಿರಾಂಕವನ್ನು ಕೊಟ್ಟು, ಅದರಲ್ಲಿ ಯಾವ ಕೇಂದ್ರದ, ಯಾವ ವರ್ಷಗಳ ಭಾಗವನ್ನು ಬಳಸಿದೆನೆಂದು ಹೇಳದಿದ್ದರೆ, ‘ಮಹಾಭಾರತದಲ್ಲಿ ಹೇಳಿದೆ’ ಎಂದಷ್ಟೇ ಆಯಿತು. ನೋವಾ ಸಂಸ್ಥೆಯ ಜಾಗತಿಕ ದೈನಂದಿನ ಹವಾಮಾನ ದತ್ತಾಂಶದವರು ಈ ವಿಷಯದಲ್ಲಿ ಜಾಗರೂಕರು. ಬಳಸಿದ ಭಾಗವನ್ನೂ ತೆಗೆದುಕೊಂಡ ದಿನವನ್ನೂ ಬರೆಯಬೇಕೆಂದು ಅವರು ಕೇಳುತ್ತಾರೆ. ದಿನದಿನವೂ ಬೆಳೆಯುವ ದತ್ತಾಂಶಗಳ ಬಗ್ಗೆ ೨೦೧೫ರಲ್ಲಿ ರಿಸರ್ಚ್ ಡೇಟಾ ಅಲಯನ್ಸ್ ಎಂಬ ಸಂಘದ ಒಂದು ಮಂಡಲಿಯು ಹದಿನಾಲ್ಕು ಶಿಫಾರಸುಗಳನ್ನು ಕೊಟ್ಟಿತು. ಅವುಗಳ ಸಾರವೆಂದರೆ, ಸಂಶೋಧಕನು ಕೇಳಿದ ಪ್ರಶ್ನೆಯನ್ನೇ ಕಾಲಸಹಿತವಾಗಿ ಭಂಡಾರದಲ್ಲಿ ಕಾಪಿಟ್ಟು ಅದಕ್ಕೊಂದು ಸ್ಥಿರಾಂಕವನ್ನು ಕೊಡುವುದು. ಮುಂದೆ ಯಾರಾದರೂ ಅದೇ ಅಂಕದಿಂದ ಕೇಳಿದರೆ ಅಂದಿನ ಉತ್ತರವೇ ದೊರೆಯುವಂತೆ ಮಾಡುವುದು. ಉತ್ತರವನ್ನು ಪ್ರಶ್ನೆಯಿಂದ ಅಗಲಿಸದ ಈ ಕ್ರಮವು ಪೂರ್ವಪಕ್ಷವನ್ನು ಮೊದಲು ಬರೆದು ಸಿದ್ಧಾಂತಕ್ಕೆ ಹೋಗುವ ನಮ್ಮ ಶಾಸ್ತ್ರಕಾರರಿಗೆ ಒಪ್ಪಿಗೆಯಾಗುತ್ತಿತ್ತೆಂದು ನಾವು ಭಾವಿಸುತ್ತೇವೆ. ಎಲ್ಲ ಭಂಡಾರಗಳೂ ಇದನ್ನು ಇನ್ನೂ ಅನುಸರಿಸುತ್ತಿಲ್ಲ. ಅಲ್ಲಿಯವರೆಗೆ ಪ್ರಶ್ನೆಯನ್ನು ಬರೆದಿಡು��ುದು ಲೇಖಕನ ಹೊಣೆ.

ಇಷ್ಟು ವಿವರವನ್ನು ಬರೆದರೆ ಪುಟವೆಲ್ಲ ಆಕರದಿಂದಲೇ ತುಂಬಿಹೋಗುವುದೆಂದು ನಮ್ಮ ಮಿತ್ರರೊಬ್ಬರು ಆಕ್ಷೇಪಿಸಿದರು. ನಮ್ಮ ಭಾಷ್ಯಕಾರರು ಇಷ್ಟನ್ನೆಲ್ಲ ಬರೆದರೇ ಎಂದೂ ಕೇಳಿದರು. ಬರೆಯಲಿಲ್ಲವೆಂಬುದನ್ನು ಒಪ್ಪಲೇಬೇಕು. ‘ಹೀಗೆಂದು ಸ್ಮೃತಿ’, ‘ಹೀಗೆಂದು ಕೆಲವರು’ ಎಂದು ಬರೆದು ಮುಂದೆ ಸಾಗಿದವರೇ ಹೆಚ್ಚು. ಆ ‘ಕೆಲವರು’ ಯಾರೆಂದು ಹುಡುಕುವುದರಲ್ಲಿ ಎಷ್ಟೋ ಸಂಶೋಧಕರ ಆಯುಸ್ಸು ಸವೆದಿದೆ. ಆಗಿನ ಓದುಗನು ಸ್ಮೃತಿಯನ್ನು ಬಾಯಲ್ಲಿಟ್ಟುಕೊಂಡಿದ್ದನು, ಸೂಚನೆಯಷ್ಟೇ ಸಾಕಾಗುತ್ತಿತ್ತು. ಮಳೆಯ ಪಟ್ಟಿಯನ್ನು ಬಾಯಲ್ಲಿಟ್ಟುಕೊಂಡವರು ಇಂದು ಯಾರಿದ್ದಾರೆ? ಮಲ್ಲಿನಾಥನಾದರೋ ಮೂಲವಿಲ್ಲದ ಯಾವುದನ್ನೂ ಬರೆಯೆನೆಂದು ಮಾತುಕೊಟ್ಟು, ಪದದ ಅರ್ಥಕ್ಕೆ ಅಮರನನ್ನೋ ವಿಶ್ವನನ್ನೋ ತಪ್ಪದೆ ಹೆಸರಿಸಿದನು. ಅವನ ವ್ಯಾಖ್ಯಾನದಲ್ಲಿ ಅದು ಎಷ್ಟು ಜಾಗವನ್ನು ಹಿಡಿಯುತ್ತದೆ? ಎರಡು ಪದ.

ನಮ್ಮ ಪತ್ರಿಕೆಗೆ ಬರೆಯುವವರಿಗೆ ಅನುಕೂಲವಾಗಲೆಂದು ಒಂದು ಮಾದರಿಯನ್ನು ಸೂಚಿಸುತ್ತೇವೆ. ಸಿದ್ಧಪಡಿಸಿದವರ ಹೆಸರು, ವರ್ಷ, ದತ್ತಾಂಶದ ಹೆಸರು ಮೂಲದಲ್ಲಿದ್ದಂತೆಯೇ, ಕನ್ನಡಕ್ಕೆ ಅನುವಾದಿಸದೆ, ಏಕೆಂದರೆ ಅನುವಾದಿಸಿದ ಹೆಸರಿನಿಂದ ಸೂಚಿಯಲ್ಲಿ ಹುಡುಕಲಾಗದು, ಆವೃತ್ತಿ, ಇಟ್ಟುಕೊಂಡಿರುವ ಸಂಸ್ಥೆ, ಸ್ಥಿರಾಂಕ, ಬಳಸಿದ ಭಾಗ, ಎಂದರೆ ಕೇಂದ್ರ ಅಥವಾ ಚೌಕ ಮತ್ತು ವರ್ಷಗಳು, ನೋಡಿದ ದಿನಾಂಕ. ಅಂಕವು ನೇರವಾಗಿ ಅಳೆದುದಲ್ಲದೆ ಸುತ್ತಣ ಅಳತೆಗಳಿಂದ ಕಟ್ಟಿದುದಾಗಿದ್ದರೆ, ಶಾಸನಸಂಪಾದಕರ ಕಂಸವನ್ನೇ ಎರವಲು ಪಡೆದು, ಆ ಅಂಕವನ್ನು ಚೌಕ ಕಂಸದಲ್ಲಿ ಬರೆಯಬೇಕೆಂಬುದು ನಮ್ಮ ಸ್ವಂತ ಸಲಹೆ. ವಿಜ್ಞಾನಿಗಳು ಇದನ್ನು ಕಂಡು ನಗಬಹುದು. ಓದುವವನು ಎಚ್ಚರಗೊಂಡರೆ ಸಾಕು.

ಕಡೆಯದಾಗಿ, ನಮ್ಮದೇ ಒಂದು ತಿದ್ದುಪಡಿಯನ್ನು ಇಲ್ಲಿ ದಾಖಲಿಸಬೇಕಾಗಿದೆ. ಹಿಂದೊಮ್ಮೆ ಕದಂಬರ ಕಾಲದ ಕೆರೆಗಳನ್ನು ಕುರಿತು ಬರೆದ ಲೇಖನದಲ್ಲಿ ನಾವೂ ‘ಚಂದ್ರವಳ್ಳಿಯ ಶಾಸನದಂತೆ ಮಯೂರಶರ್ಮನು ಮೌಖರಿಗಳನ್ನು ಜಯಿಸಿದನು’ ಎಂದು ಬರೆದಿದ್ದೆವು. ಆ ವಾಕ್ಯವನ್ನು ‘ಚಂದ್ರವಳ್ಳಿಯ ಶಾಸನಕ್ಕೆ ಎಂ. ಎಚ್. ಕೃಷ್ಣರವರು ೧೯೨೯ರಲ್ಲಿ ಕೊಟ್ಟ ಪಾಠದಂತೆ, ಆ ಪಾಠವು ಸಂಶಯಿತ’ ಎಂದು ವಾಚಕರು ತಿದ್ದಿಕೊಳ್ಳಬೇಕು. ಅದೇ ಲೇಖನದ ಕೊನೆಯ ಪುಟದಲ್ಲಿ ಚಿತ್ರದುರ್ಗದ ಮಳೆಯೆಂದು ಕೊಟ್ಟ ಅಂಕಕ್ಕೆ ಆಕರವನ್ನು ಹೇಳಿರಲಿಲ್ಲ. ನಮ್ಮ ಟಿಪ್ಪಣಿಗಳಲ್ಲಿ ಹುಡುಕಿದೆವು, ಸಿಕ್ಕಲಿಲ್ಲ. ಆ ಅಂಕವನ್ನು ಹಿಂತೆಗೆದುಕೊಂಡಿದ್ದೇವೆ.